ಕಂಟ್ರೋಲರ್ ಕಾಕಾರ ತಬಲಾ ಹಿಂದೆ ಬಿದ್ದದ್ದು

ಬೈಲಹೊಂಗಲದ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಉದ್ದನೆಯ ಕೋಣೆಯಿದೆ. ಮಾವನವರು ಹತ್ತಿ ವ್ಯಾಪಾರ ಮಾಡುತ್ತಿದ್ದ ಕಾಲಕ್ಕೆ ಅದು ಚೀಲ ಒಟ್ಟುವ ಜಾಗವಾಗಿತ್ತು. ವ್ಯಾಪಾರ ಈಗ ಪೇಟೆಯ ಅಂಗಡಿಗೆ ಹೋಗಿದೆ, ಆದರೆ ಒಂದಿಷ್ಟು ಹತ್ತಿ ಚೀಲಗಳು ಗೋಡೆಗೆ ಒರಗಿಕೊಂಡು ಇನ್ನೂ ಅಲ್ಲೇ ಇವೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ತವರಿಗೆ ಫೋನ್ ಮಾಡಬೇಕಾದಾಗ ಆ ಕೋಣೆಗೆ ಹೋಗುತ್ತಿದ್ದೆ. ಅಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಬೀದಿಯ ಟ್ರ್ಯಾಕ್ಟರಿನ ಸದ್ದು ಒಳಗೆ ಬರುವುದಿಲ್ಲ ಎನ್ನುವುದು ನನಗೆ ಹಾಗೆ ಗೊತ್ತಾದದ್ದು. ಮುಂದೆ ಅದೇ ಕೋಣೆಯಲ್ಲಿ ನಾನು ಹಾಡು ರೆಕಾರ್ಡ್ ಮಾಡಲು ಕುಳಿತದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ಶುರುವಾದದ್ದು ಅತ್ತೆಯವರ ಬೀಸುವ ಪದಗಳಿಂದ, ಅಂದರೆ ಬೀಸುಕಲ್ಲಿನ ಹಾಡುಗಳಿಂದ. ಅವನ್ನು ಫೋನಿನಲ್ಲಿ ಹಿಡಿಯಲು ಹೋದರೆ, ಫೋನ್ ಕಂಡ ಕೂಡಲೇ ಅವರು ಪದ ಬಿಟ್ಟು, ಆ ಕಡೆ ಯಾರೋ ಇದ್ದಾರೆಂದು ತಿಳಿದು, "ಆರಾಮ ಅದೀರೇನ್ರಿ?" ಎಂದು ಕೇಳುತ್ತಿದ್ದರು. ಹಾಗಾಗಿ ಒಂದು ಮೈಕು ತಂದೆ, ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಸಣ್ಣದೊಂದು ಪೆಟ್ಟಿಗೆ ತಂದೆ. ಅದಕ್ಕೆ ಆಡಿಯೋ ಇಂಟರ್‌ಫೇಸ್ ಎಂದು ಹೆಸರು. ನಮ್ಮ ಮನೆಯಲ್ಲಿ ಅದು ಬರೀ ಪೆಟ್ಟಿಗಿ. ಅದಕ್ಕೆ ಎರಡು ಮೈಕು ಸಿಗಿಸಬಹುದು. ಮೈಕಿಗೆ ಮುಖ ಇಲ್ಲದ್ದರಿಂದ ಅತ್ತೆಯವರು ಅದರ ಮುಂದೆ ಯಾವ ಸಂಕೋಚವೂ ಇಲ್ಲದೆ ಹಾಡಿದರು. ಕೇಳಿದ ನೆಂಟರು ತಮ್ಮ ತಾಯಂದಿರನ್ನು ಕರೆತಂದರು. ಆಮೇಲೆ ಸಾಲೆಯ ಮಕ್ಕಳು ಬಂದರು, ಮದುವೆಗೆ ಹಾಡು ಕಟ್ಟುವವರು ಬಂದರು. ಹಾಡುವವರು, ನುಡಿಸುವವರು ಹೆಚ್ಚಿದ್ದರೆ ಒಬ್ಬರಾದ ಮೇಲೆ ಒಬ್ಬರನ್ನು ಕೂರಿಸಿ, ಮೊದಲಿನವರದ್ದನ್ನು ಹೆಡ್‌ಫೋನಿನಲ್ಲಿ ಕೇಳಿಸಿ, ಅದರ ಮೇಲೆ ಎರಡನೆಯವರದ್ದನ್ನು ಹಿಡಿಯುತ್ತಿದ್ದೆ. ಕಂಪ್ಯೂಟರಿನಲ್ಲಿ ಒಬ್ಬೊಬ್ಬರದೂ ಒಂದೊಂದು ಎಳೆಯಾಗಿ ಬೇರೆ ಬೇರೆ ಇರುತ್ತದೆ, ಕೊನೆಗೆ ಎಲ್ಲವನ್ನೂ ಕೂಡಿಸುವುದು. ಸೀರೆ ನೇಯ್ದ ಹಾಗೆ ನಿಧಾನದ ಕೆಲಸ, ಆದರೆ ಯಾರೂ ತಕರಾರು ತೆಗೆದಿರಲಿಲ್ಲ.

ತಕರಾರು ತೆಗೆದವರು ನನ್ನ ಅಕ್ಕೋರು. ನನ್ನ ತವರು ಸವದತ್ತಿ ತಾಲೂಕಿನ ಹೂಲಿ. ಅಲ್ಲಿಯ ಸಾಲೆಯಲ್ಲಿ ನನಗೆ ಅಕ್ಷರ ತಿದ್ದಿಸಿದವರು ಅವರು. ಈಗ ನಿವೃತ್ತರಾಗಿ ಹೆಣ್ಣುಮಕ್ಕಳ ಭಜನಾ ಸಂಘ ನಡೆಸುತ್ತಾರೆ. ಒಂದು ದಿನ ಅವರ ಫೋನ್ ಬಂತು.

"ಮಗಳ, ನೀ ಮನ್ಯಾಗ ರೆಕಾರ್ಡಿಂಗ್ ಮಾಡ್ತಿ ಅಂತಲ್ಲ. ನಮ್ಮ ಸಂಘದ ಭಜನಿ ಒಂದು ಮಾಡಿಕೊಡು. ಗುಡಿಯ ಮೈಕಿನಾಗ ದಿನಾ ಮುಂಜಾನೆ ಯಾವದೋ ಊರಿನವರ ಭಜನಿ ಹಚ್ತಾರ. ಅದನ್ನ ಕೇಳಿ ಕೇಳಿ ನಮ್ಮ ಎಮ್ಮಿಗೂ ಬಾಯಿಪಾಠ ಆಗೇತಿ."

"ಬರ್ರಿ ಅಕ್ಕೋರ. ಎಷ್ಟು ಮಂದಿ ಬರ್ತೀರಿ?"

"ಎಲ್ಲಾರೂ," ಎಂದು ಅವರು ಫೋನ್ ಇಟ್ಟರು.

ಎಲ್ಲರೂ ಒಂದು ಕ್ರೂಸರ್ ಗಾಡಿಯಲ್ಲಿ ಬಂದಿಳಿದರು. ಹಾರ್ಮೋನಿಯಂ ನುಡಿಸುವವರು ಸಿರಸಂಗಿಯಿಂದ ಹೂಲಿಗೆ ಸೊಸೆಯಾಗಿ ಬಂದ ಹೆಣ್ಣುಮಗಳು. ಊರಿಗೆಲ್ಲ ಅವರು ಸಿರಸಂಗಿ ವೈನಿ, ಅಂದರೆ ಅತ್ತಿಗೆ. ಹಿಮ್ಮೇಳಕ್ಕೆ ಒಂದು ಹಿಂಡು ಹೆಂಗಸರು, ಅವರಲ್ಲೊಬ್ಬರ ಕೈಯಲ್ಲಿ ತಾಳ. ಇಡೀ ಸಂಘದಲ್ಲಿ ಗಂಡಸು ಒಬ್ಬರೇ. ಅವರು ಅಕ್ಕೋರ ಯಜಮಾನರು, ತಬಲಾ ಬಾರಿಸುವವರು. ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಡುವ ಕಂಟ್ರೋಲರ್ ಆಗಿ ನಿವೃತ್ತರಾದ ಮನುಷ್ಯ. ಊಟಕ್ಕೆ ಕೂರುವ ಮೊದಲು ಒಮ್ಮೆ ಗಡಿಯಾರ ನೋಡುತ್ತಾರೆ, ಕೈ ತೊಳೆದ ಮೇಲೆ ಇನ್ನೊಮ್ಮೆ ನೋಡುತ್ತಾರೆ. ನಾವು ಚಿಕ್ಕಂದಿನಿಂದ ಅವರನ್ನು ಕಂಟ್ರೋಲರ್ ಕಾಕಾ ಎಂದೇ ಕರೆಯುತ್ತೇವೆ.

ಒಬ್ಬೊಬ್ಬರಾಗಿ ಹಾಡಬೇಕು ಎಂದು ನಾನು ವಿವರಿಸಿದೆ. ತಾಳದ ಹೆಣ್ಣುಮಗಳನ್ನು ಮೊದಲು ಕೂರಿಸಿದೆ. ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ತಾಳ ಕುಟ್ಟಲು ಹೊರಟವಳಿಗೆ ನಗು ಬಂತು. ಅವಳು ನಕ್ಕದ್ದಕ್ಕೆ ಬಾಗಿಲಾಚೆ ಇದ್ದವರೂ ನಕ್ಕರು. ಅಕ್ಕೋರು ಒಳಗೆ ಬಂದು ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟರು.

"ಒಬ್ಬೊಬ್ಬರ ಎದ್ದು ಹೇಳಾಕ ಇದೇನು ಸಾಲ್ಯಾಗಿನ ಮಗ್ಗಿ ಅಲ್ಲ ಮಗಳ. ಭಜನಿ ಅಂದ್ರ ಕೂಡಿ ಹಾಡೂದು. ಎದುರಿಗೆ ಇವರು ತಬಲಾ ಇಟಗೊಂಡು ಕುಂತಿರಬೇಕು. ಇವರ ಮಾರಿ ನೋಡಿದ್ರ ನನಗ ಮುಂದಿನ ನುಡಿ ನೆನಪಾಗ್ತೈತಿ."

"ಮಾರಿ ನೋಡಿದ್ದಕ್ಕ ಅಲ್ಲ," ಎಂದರು ಕಾಕಾ. "ನಾ ತುಟಿ ಅಲ್ಲಾಡಸ್ತೇನಿ."

ಎಲ್ಲರೂ ಒಟ್ಟಿಗೆ ಹಾಡಬೇಕು ಎಂದರೆ ಮೈಕುಗಳು ಹೆಚ್ಚು ಬೇಕು. ಮೈಕೇನೋ ಮದುವೆ ಮನೆಗಳಿಂದ ಎರವಲು ಸಿಗುತ್ತದೆ, ಆದರೆ ನನ್ನ ಪೆಟ್ಟಿಗೆಗೆ ಇರುವುದು ಎರಡೇ ತೂತು. ಕಿತ್ತೂರಿನಲ್ಲಿ ನನ್ನ ಚಿಕ್ಕಪ್ಪನ ಮಗ ಮದುವೆ, ಸಭೆಗಳಿಗೆ ಸೌಂಡ್ ಸಿಸ್ಟಿಮ್ ಹಾಕುತ್ತಾನೆ. ಅವನ ಬಳಿ ನಾಲ್ಕು ಮೈಕಿನ ದೊಡ್ಡ ಪೆಟ್ಟಿಗೆಯೊಂದಿದೆ. ಫೋನ್ ಮಾಡಿದರೆ, "ಐತಿ ತಂಗಿ, ಆದ್ರ ರಾಮದುರ್ಗದಾಗ ಐತಿ. ನಾಟಕದವರು ಒಯ್ದಾರ," ಎಂದ. ನಾಟಕದವರು ಕೊಡಲು ಒಪ್ಪಿದರು, ತರಲು ಯಾರೂ ಇರಲಿಲ್ಲ. ಆಗ ಕಂಟ್ರೋಲರ್ ಕಾಕಾ ಎದ್ದು ನಿಂತು, ಆ ಕೆಲಸ ತಮಗೆ ಬಿಡಬೇಕೆಂದರು.

ಪೆಟ್ಟಿಗೆ ರಾಮದುರ್ಗದಲ್ಲಿ ಬಸ್ ಹತ್ತಿತು. ಅದನ್ನು ಕಂಡಕ್ಟರನ ಸೀಟಿನ ಕೆಳಗೆ ಇಡಲಾಗಿತ್ತು. ಕಾಕಾ ಹೂಲಿಯ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ದಾರಿಯುದ್ದಕ್ಕೂ ಫೋನಿನಲ್ಲಿ ಅದರ ಬೆನ್ನು ಹತ್ತಿದ್ದರು. ನನಗೂ ಆಗಾಗ ಸುದ್ದಿ ಬರುತ್ತಿತ್ತು. "ಯರಗಟ್ಟಿಗೆ ಬಂತು. ಇಳಸ್ಯಾರ. ಬೈಲಹೊಂಗಲ ಬಸ್ಸಿನ್ಯಾಗ ಕುಂದರಸ್ಯಾರ. ಕಿಟಕಿ ಕಡೆ." ನಾನು ನಿಲ್ದಾಣಕ್ಕೆ ಹೋಗಿ ಪೆಟ್ಟಿಗೆ ಇಸಿದುಕೊಂಡಾಗ ಕಂಡಕ್ಟರ್ ಅದನ್ನು ಹಸುಗೂಸಿನ ಹಾಗೆ ಎರಡೂ ಕೈಯಿಂದ ಕೊಟ್ಟು, "ಸಾಹೇಬ್ರಿಗೆ ಮುಟ್ಟಿತು ಅಂತ ಹೇಳ್ರಿ ಅಕ್ಕಾರ," ಎಂದ.

ಇಡೀ ಸಂಘಕ್ಕೆ ದೊಡ್ಡದರ ನಾಲ್ಕು ತೂತೂ ಸಾಲುವುದಿಲ್ಲ. ಎರಡು ಪೆಟ್ಟಿಗೆ ಕೈಗೆ ಬಂದರೆ ಆಯಿತು, ಎರಡನ್ನೂ ಒಂದೇ ಕಂಪ್ಯೂಟರಿಗೆ ಚುಚ್ಚಿದರೆ ಸಾಕು ಎಂದುಕೊಂಡಿದ್ದೆ. ಆದರೆ ನನ್ನ ಕಂಪ್ಯೂಟರು ಒಂದು ಸಲಕ್ಕೆ ಒಂದೇ ಪೆಟ್ಟಿಗೆಯ ಮಾತು ಕೇಳುತ್ತದೆ. ಎರಡೂ ಸೇರಿ ಒಂದೇ ಪೆಟ್ಟಿಗೆ ಎಂದು ಅದನ್ನು ನಂಬಿಸಲು ಒಂದು ಬಿಟ್ಟಿ ಪ್ರೋಗ್ರಾಂ ಸಿಗುತ್ತದೆ, ಅದನ್ನು ಹಾಕಿಕೊಂಡೆ. ಅತ್ತೆಯವರನ್ನು ಒಂದು ಪೆಟ್ಟಿಗೆಯ ಮೈಕಿಗೆ ಹಾಡಲು ಹೇಳಿ, ನಾನು ಇನ್ನೊಂದರ ಮೈಕಿನ ಮುಂದೆ ಚಪ್ಪಾಳೆ ತಟ್ಟಿ ನೋಡಿದೆ. ದನಿಗಳೇನೋ ಬಂದವು, ಆದರೆ ಉದ್ದಕ್ಕೂ ಚಟಚಟ ಎಂಬ ಸದ್ದು ಕೂಡಿಕೊಂಡಿತ್ತು. ಹಚ್ಚಿ ಕೇಳಿಸಿದಾಗ ಅತ್ತೆಯವರು ತಮ್ಮ ಪದವನ್ನು ಅರ್ಧ ಕೇಳಿ, "ನಾ ಹಾಡೂಮುಂದ ಅಲ್ಲಿ ಒಗ್ಗರಣಿ ಹಾಕಿದವರು ಯಾರ?" ಎಂದರು.

ಕಿತ್ತೂರಿನ ಅಣ್ಣ ಬೇರೆ ದಾರಿ ಹೇಳಿಕೊಟ್ಟ. ಎರಡು ಪೆಟ್ಟಿಗೆಗೆ ಎರಡು ಕಂಪ್ಯೂಟರು. ಎರಡನ್ನೂ ಚಾಲೂ ಮಾಡಿ, ಎಲ್ಲ ಮೈಕುಗಳಿಗೂ ಕೇಳುವಂತೆ ಒಮ್ಮೆ ಚಪ್ಪಾಳೆ ಹೊಡೆಯುವುದು. ಆಮೇಲೆ ಎರಡರಲ್ಲೂ ಆ ಚಪ್ಪಾಳೆಯನ್ನು ಒಂದರ ಕೆಳಗೊಂದು ಜೋಡಿಸಿದರೆ ಭಜನೆ ತಾನೇ ಕೂಡುತ್ತದೆ. ನನ್ನ ಯಜಮಾನರು ನಮ್ಮ ಅಂಗಡಿಯ ಲ್ಯಾಪ್‌ಟಾಪನ್ನು ಒಂದು ದಿನದ ಮಟ್ಟಿಗೆ ಬಿಟ್ಟುಕೊಟ್ಟರು.

ಸಂಘ ಮತ್ತೆ ಬಂತು. ಸಣ್ಣ ಪೆಟ್ಟಿಗೆಗೆ ಅಕ್ಕೋರ ಮೈಕು ಮತ್ತು ಹಾರ್ಮೋನಿಯಂ. ದೊಡ್ಡದಕ್ಕೆ ತಬಲಾ, ತಾಳ, ಹಿಮ್ಮೇಳದವರು. ಚಪ್ಪಾಳೆಯ ಜವಾಬ್ದಾರಿಯನ್ನು ಕಂಟ್ರೋಲರ್ ಕಾಕಾ ತೆಗೆದುಕೊಂಡರು. ಕೈಗಡಿಯಾರ ನೋಡಿದರು, ಎಲ್ಲರೂ ಕುಳಿತಿದ್ದಾರೆಯೇ ಎಂದು ಸುತ್ತ ಕಣ್ಣು ಹಾಯಿಸಿದರು, ಹೊರಡುವ ಬಸ್ಸಿಗೆ ಅಪ್ಪಣೆ ಕೊಡುವವರಂತೆ ಚಪ್ಪಾಳೆ ಹೊಡೆದರು. ಬಸ್ಸು ಹೊರಟಿತು.

ಹೊರಟದ್ದು ಎಲ್ಲೂ ನಿಲ್ಲಲಿಲ್ಲ. ಒಂದು ಪದ ಮುಗಿದರೆ ನಿಲ್ಲಿಸಿ ಎಂದು ನಾನು ಮೊದಲೇ ಹೇಳಿದ್ದೆ. ಎಲ್ಲರೂ ತಲೆಯಾಡಿಸಿದ್ದರು. ಆದರೆ ಹೂಲಿಯ ಭಜನೆಯಲ್ಲಿ ಒಂದು ಪದದ ಬಾಲಕ್ಕೇ ಇನ್ನೊಂದರ ತಲೆ ಅಂಟಿಕೊಂಡಿರುತ್ತದೆ. ಗಣಪತಿಯಿಂದ ಶುರುವಾದದ್ದು ಮಂಗಳಾರತಿ ಮುಟ್ಟುವವರೆಗೂ ಅವರು ಉಸಿರು ಬಿಡಲಿಲ್ಲ. ಹತ್ತಿ ಚೀಲಗಳ ನಡುವೆ ಬೆವರುತ್ತ, ಕಣ್ಣು ಮುಚ್ಚಿ ಹಾಡಿದರು. ನಡುವೆ, ಸೆಖೆಗೆಂದು ತೆರೆದಿಟ್ಟ ಬಾಗಿಲಿನಿಂದ, ಕೆಳಗಿನ ಕುಕ್ಕರಿನ ಸೀಟಿ ಎರಡು ಸಲ ಕೇಳಿದರೂ ಯಾರ ಲಕ್ಷ್ಯವೂ ಅತ್ತ ಹೋಗಲಿಲ್ಲ. ಮುಗಿದಾಗ ನನಗೂ ಮೈ ಜುಮ್ಮೆಂದಿತ್ತು.

ಈಗಿಂದೀಗ ಕೇಳಬೇಕು ಎಂದು ಎಲ್ಲರೂ ಕುಳಿತರು. ಅತ್ತೆಯವರು ಗಿರ್ಮಿಟ್, ಮಿರ್ಚಿ ಮಾಡಿ ತಂದರು. ಎಲ್ಲರೂ ತಿನ್ನುವಷ್ಟರಲ್ಲಿ ನಾನು ಎರಡೂ ಕಂಪ್ಯೂಟರಿನದನ್ನು ಒಂದಕ್ಕೆ ತಂದು, ಚಪ್ಪಾಳೆಗೆ ಚಪ್ಪಾಳೆ ಜೋಡಿಸಿ, ಸ್ಪೀಕರಿಗೆ ಹಚ್ಚಿದೆ. ನಾನೂ ಅವರೊಂದಿಗೆ ಮೊದಲ ಸಲ ಕೇಳುತ್ತಿದ್ದೆ.

ಗಣಪತಿ ಪದ ಚೆಂದ ಬಂದಿತ್ತು. ಹೆಂಗಸರು ಒಬ್ಬರ ಬೆನ್ನಿಗೊಬ್ಬರು ಗುದ್ದಿ, "ಅದು ನನ್ನ ದನಿ," ಎಂದು ಹೇಳಿಕೊಂಡರು. ಕಾಕಾ ಎರಡು ಬೆರಳಿನಿಂದ ಮೊಣಕಾಲಿನ ಮೇಲೆ ತಮ್ಮದೇ ತಬಲಾಕ್ಕೆ ಸಾಥ್ ಕೊಡುತ್ತಿದ್ದರು. ನಡುಮಧ್ಯಕ್ಕೆ ಬಂದಾಗ ತಬಲಾದ ಪೆಟ್ಟು ಸ್ವಲ್ಪ ದಪ್ಪಗಾದಂತೆ ಕೇಳಿತು. ಮುಂದೆ ಅದು ಒಡೆದು ಎರಡಾಯಿತು. ಮಂಗಳಾರತಿಯ ಹೊತ್ತಿಗೆ ಪ್ರತಿ ಪೆಟ್ಟಿನ ಹಿಂದೆ ಅದರದೇ ಮರಿಯೊಂದು ಓಡಿ ಬರುತ್ತಿತ್ತು, ಅಕ್ಕೋರು ಸಾಲು ಮುಗಿಸಿದ ಮೇಲೆ ತಬಲಾ ಮುಗಿಸುತ್ತಿತ್ತು. ಕಾಕಾರ ಬೆರಳು ಮೊಣಕಾಲಿನ ಮೇಲೆ ನಿಂತವು.

ಅಕ್ಕೋರು ಯಜಮಾನರ ಕಡೆ ತಿರುಗಿದರು. "ಹಿಂದ ಬಿದ್ದೀರಿ."

"ಯಾರು?"

"ನೀವ. ಮತ್ಯಾರು ಬಾರಿಸ್ಯಾರ ತಬಲಾ?"

"ನಾನು? ಹಿಂದ?" ಕಾಕಾ ಸುತ್ತಲಿದ್ದವರ ಮುಖಗಳನ್ನೆಲ್ಲ ನೋಡಿದರು. "ನನ್ನ ಸರ್ವಿಸಿನ್ಯಾಗ ಒಂದು ಬಸ್ಸು ತಡ ಬಿಟ್ಟಾಂವ ಅಲ್ಲ ನಾನು."

"ಬಸ್ಸು ಡ್ರೈವರ್ ಓಡಸ್ತಿದ್ದ. ತಬಲಾ ನೀವ ಬಾರಸಬೇಕಲ್ಲ."

ಸಿರಸಂಗಿ ವೈನಿ ನಡುವೆ ಬಾಯಿ ಹಾಕಿದರು. "ಹಂಗೇನಿಲ್ಲ ಅಕ್ಕೋರ. ಕಾಕಾರು ತಮ್ಮ ಜಾಗಾದಾಗ ಅದಾರ. ನೀವ ಮುಂದ ಓಡೀರಿ." ಈ ಮಾತು ಬಿದ್ದದ್ದೇ ಹಿಮ್ಮೇಳ ಎರಡು ಪಾಲಾಯಿತು. ಅಕ್ಕೋರು ಓಡಿದರು ಎನ್ನುವವರು ಒಂದು ಕಡೆ, ಕಾಕಾ ಬಿದ್ದರು ಎನ್ನುವವರು ಇನ್ನೊಂದು ಕಡೆ.

ತಪ್ಪು ಇಬ್ಬರದೂ ಅಲ್ಲ ಎಂದು ನನಗೆ ಆಗಲೇ ಹೊಳೆದಿತ್ತು. ಪ್ರತಿ ಪೆಟ್ಟಿಗೆಯ ಹೊಟ್ಟೆಯಲ್ಲೂ ಒಂದು ಪುಟ್ಟ ಗಡಿಯಾರವಿರುತ್ತದೆ. ದನಿಯನ್ನು ಸಣ್ಣ ಸಣ್ಣ ಚೂರು ಮಾಡಿ ಎಣಿಸುವುದು ಆ ಗಡಿಯಾರದ ಲೆಕ್ಕದ ಮೇಲೆ. ಎರಡು ಪೆಟ್ಟಿಗೆಯ ಗಡಿಯಾರಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಓಡುವುದಿಲ್ಲ. ಒಂದು ಹಾಡಿನ ಉದ್ದಕ್ಕೆ ಅದು ಯಾರಿಗೂ ತಿಳಿಯುವುದಿಲ್ಲ, ನಿಲ್ಲದೆ ಹಾಡುತ್ತ ಹೋದರೆ ಕೂದಲಿಗೆ ಕೂದಲು ಕೂಡಿ ಕಿವಿಗೆ ಕೇಳುವಷ್ಟಾಗುತ್ತದೆ. ಅಕ್ಕೋರ ಮೈಕಿಗೂ ಪಕ್ಕದ ತಬಲಾ ಕೇಳಿರುತ್ತದಲ್ಲ, ಅದು ಒಂದು ಸಲ. ತಬಲಾದ ಸ್ವಂತ ಮೈಕಿನದು ತಡವಾಗಿ ಇನ್ನೊಂದು ಸಲ. ನಾನು ಇದನ್ನೆಲ್ಲ ಕೈ ಆಡಿಸುತ್ತ ಹೇಳಿದೆ.

ಅಕ್ಕೋರು ತಾಳ್ಮೆಯಿಂದ ಕೇಳಿ ನನ್ನ ತಲೆ ಸವರಿದರು. "ನೀ ಸಾಲ್ಯಾಗೂ ಹಿಂಗ ಇದ್ದಿ ಮಗಳ. ಬ್ಯಾರೆಯವರನ್ನ ಉಳಸಾಕ ಏನರ ಒಂದು ಕಥಿ ಕಟ್ತಿದ್ದಿ."

ಕಾಕಾ ತಬಲಾಕ್ಕೆ ಬಟ್ಟೆ ಸುತ್ತಿದರು. ಕ್ರೂಸರಿನಲ್ಲಿ ಬರುವುದಿಲ್ಲ, ಬಸ್ಸಿಗೇ ಹೋಗುತ್ತೇನೆ, ಬಸ್ಸಿಗೆ ಒಂದು ಟೈಮ್ ಅಂತ ಇರುತ್ತದೆ ಎಂದು ಹೇಳಿ ನಿಲ್ದಾಣದ ಕಡೆ ನಡೆದರು. ಆ ದಿನ ಸವದತ್ತಿ ಬಸ್ಸು ಎಲ್ಲೋ ಕೆಟ್ಟು ನಿಂತಿತ್ತಂತೆ. ಹೆಂಗಸರು ಮನೆ ಮುಟ್ಟಿ, ಹಾಲು ಹಿಂಡಿ, ಅಡುಗೆ ಮುಗಿಸಿದ ಮೇಲೆ ಅವರು ಬಂದರಂತೆ. ಅಕ್ಕೋರು ಬಾಗಿಲಲ್ಲೇ ನಿಂತಿದ್ದರು. "ನಾ ಏನೂ ಅನ್ನಲಿಲ್ಲ ಮಗಳ, ಬರೇ ಗಡಿಯಾರ ನೋಡಿದೆ," ಎಂದು ಆಮೇಲೆ ನನಗೆ ಹೇಳಿದರು.

ಆ ಸೋಮವಾರ ಹೂಲಿಯಲ್ಲಿ ನಡೆದ ಸಂಘದ ವಾರದ ಭಜನೆಗೆ ಕಾಕಾ ಬಂದು ಕುಳಿತರು, ಆದರೆ ತಬಲಾದ ಬಟ್ಟೆ ಬಿಚ್ಚಲಿಲ್ಲ. ಕೈ ಕಟ್ಟಿಕೊಂಡು ಇಡೀ ಭಜನೆ ಕೇಳಿ, ಎಲ್ಲರಿಗಿಂತ ಮೊದಲು ಪ್ರಸಾದ ತೆಗೆದುಕೊಂಡು ಹೋದರು. ಅಕ್ಕೋರು ಮೂರನೆಯ ಪದದ ನುಡಿ ಮರೆತು ನಿಂತರಂತೆ. ಎದುರಿಗೆ ಕುಳಿತಿದ್ದವರು ತುಟಿ ಅಲ್ಲಾಡಿಸಲಿಲ್ಲ.

ಎರಡು ದಿನ ಬಿಟ್ಟು ಕಾಕಾರಿಂದ ಫೋನ್ ಬಂತು. ದನಿ ತಗ್ಗಿಸಿ ಮಾತಾಡಿದರು, ಹಿತ್ತಿಲಲ್ಲಿ ನಿಂತಿದ್ದರೆಂದು ಕಾಣುತ್ತದೆ.

"ಮಗಳ, ಖರೇ ಹೇಳು. ನಾ ಹಿಂದ ಬಿದ್ದೇನೇನು?"

"ಇಲ್ಲ ಕಾಕಾರ. ಪೆಟ್ಟಿಗೀದ ತಪ್ಪು."

"ಹಂಗಂತ ತೋರಸಾಕ ಬರ್ತೈತೇನು? ಬಾಯಿಲೆ ಹೇಳಿದ್ರ ಅಕಿ ನಂಬೂದಿಲ್ಲ."

ಬರುತ್ತದೆ ಎಂದೆ. ಒಂದೇ ಸಮನೆ ಸದ್ದು ಮಾಡುವ ಯಾವುದಾದರೂ ವಸ್ತುವಿನ ಮುಂದೆ ಎರಡೂ ಪೆಟ್ಟಿಗೆಯ ಒಂದೊಂದು ಮೈಕು ಇಟ್ಟು ಬಹಳ ಹೊತ್ತು ಹಿಡಿದರೆ ಸಾಕು, ಎರಡನ್ನೂ ಕೂಡಿಸಿದಾಗ ಕೊನೆಗೆ ಅದೂ ಎರಡಾಗಿ ಕೇಳಬೇಕು. ಮರುದಿನವೇ ಕಾಕಾ ಬೈಲಹೊಂಗಲಕ್ಕೆ ಬಂದರು. ಅವರ ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗೋಡೆ ಗಡಿಯಾರವಿತ್ತು. ನಿವೃತ್ತಿಯ ದಿನ ನಿಲ್ದಾಣದವರು ಕೊಟ್ಟದ್ದು. ಟಕ್ ಟಕ್ ಎಂದು ಬಡಗಿಯ ಹಾಗೆ ಸದ್ದು ಮಾಡುತ್ತಿತ್ತು.

ಅದನ್ನು ಹತ್ತಿ ಚೀಲದ ಮೇಲೆ ಒರಗಿಸಿ, ಎರಡು ಮೈಕು ಎದುರಿಗಿಟ್ಟು, ಅಂಗಡಿಯ ಲ್ಯಾಪ್‌ಟಾಪನ್ನು ಮತ್ತೆ ತರಿಸಿ ಎರಡೂ ಕಂಪ್ಯೂಟರ್ ಚಾಲೂ ಮಾಡಿದೆ. ಕಾಕಾ ಚಪ್ಪಾಳೆ ಹೊಡೆದರು. ಮಾತಾಡಿದರೆ ಮೈಕಿಗೆ ಬೀಳುತ್ತದೆ ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡು ಗಡಿಯಾರದ ಮುಂದೆ ಕುಳಿತೆವು. ಎದ್ದು ಹೋಗಬಹುದಿತ್ತು. ಆದರೆ ಕಾಕಾ ಅಲುಗಲಿಲ್ಲ, ಅವರನ್ನು ಬಿಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ. ಬಹಳ ಹೊತ್ತಾದ ಮೇಲೆ ಅತ್ತೆಯವರು ಚಹಾ ತೆಗೆದುಕೊಂಡು ಬಂದರು. ನಾವಿಬ್ಬರೂ ಮಾತಿಲ್ಲದೆ ಗಡಿಯಾರ ನೋಡುತ್ತ ಕುಳಿತದ್ದನ್ನು ಕಂಡು ಬಾಗಿಲಲ್ಲೇ ನಿಂತರು. ಮೆಲ್ಲಗೆ ಕೇಳಿದರು, "ಯಾರರ ಬರೋರು ಅದಾರೇನು?"

ಆ ಪ್ರಶ್ನೆ ಈಗಲೂ ಆ ರೆಕಾರ್ಡಿಂಗಿನಲ್ಲಿದೆ.

ಕೂಡಿಸಿ ಹಚ್ಚಿದಾಗ ಮೊದಲಿಗೆ ಒಂದೇ ಗಡಿಯಾರ. ಅತ್ತೆಯವರು ಬರುವ ಹೊತ್ತಿಗೆ ಅವರ ಮಾತೂ ಗಡಿಯಾರವೂ ತುಸು ಮಬ್ಬಾಗಿದ್ದವು. ಕೊನೆಗೆ ಟಕ್ ಎನ್ನುವುದು ಟಟಕ್ ಟಟಕ್ ಎಂದು ಕುದುರೆಯ ಹಾಗೆ ಓಡುತ್ತಿತ್ತು. ಕಾಕಾ ಕಣ್ಣು ಮುಚ್ಚಿಕೊಂಡು ಕೇಳಿದರು. ಕಣ್ಣು ತೆರೆದಾಗ ಅವರ ಮುಖ ಹತ್ತು ವರ್ಷ ಚಿಕ್ಕದಾಗಿತ್ತು. "ಒಂದ ಗಡಿಯಾರ ತನಗಿಂತ ತಾನ ಹಿಂದ ಬೀಳಾಕ ಬರೂದಿಲ್ಲ. ಹೌದಲ್ಲ ಮಗಳ?" ಎಂದರು. ಅದನ್ನು ಫೋನಿಗೆ ಹಾಕಿಸಿಕೊಂಡು, ಆರಿದ ಚಹಾ ಒಂದೇ ಗುಟುಕಿಗೆ ಕುಡಿದು ಬಸ್ಸಿಗೆ ಹೋದರು.

ಹೂಲಿಯಲ್ಲಿ ಅವರು ಅದನ್ನು ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಕೇಳಿಸಿದರು. ಬರೀ ಕೊನೆಯ ತುಣುಕು ಕೇಳಿಸಿದರೆ ಸಾಕಿತ್ತು. ಆದರೆ ನ್ಯಾಯವಾಗಿರಬೇಕೆಂದು ಮೊದಲಿನಿಂದ ಹಚ್ಚುತ್ತಿದ್ದರು. ನನ್ನ ತಮ್ಮ ಫೋನ್ ಮಾಡಿ, "ಅಕ್ಕಾ, ಊರಾಗ ಮಂದಿ ಕಟ್ಟಿಗೆ ಕುಂದರೂದು ಬಿಟ್ಟಾರ. ಕಾಕಾ ಕಂಡ ಕೂಡಲೇ ಹೊಲದಾಗ ಕೆಲಸ ನೆನಪಾಗ್ತೈತಿ ಎಲ್ಲಾರಿಗೂ," ಎಂದ. ಅಕ್ಕೋರು ಮಾತ್ರ ಪೂರ್ತಿ ಕೇಳಿದರಂತೆ. ಕೇಳಿ ನನಗೆ ಫೋನ್ ಮಾಡಿದರು.

"ಗಡಿಯಾರ ಹಿಂದ ಬಿದ್ದದ್ದು ಖರೇ ಮಗಳ. ಆದ್ರ ಅದು ಯಾರ ಗಡಿಯಾರ ಹೇಳು? ಅವರದ. ಅವರ ಜೋಡಿ ಇದ್ದು ಇದ್ದು ಅದಕ್ಕೂ ಆ ಚಟ ಬಿದ್ದೈತಿ."

ಆದರೂ ಅವರ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. ಮತ್ತೊಮ್ಮೆ ರೆಕಾರ್ಡ್ ಮಾಡಲು ಆಗುತ್ತದೆಯೇ ಎಂದು ಅವರೇ ಕೇಳಿದರು. ತಬಲಾ ಇಲ್ಲದ ಭಜನೆ ಉಪ್ಪಿಲ್ಲದ ಸಾರಿನ ಹಾಗಿದೆ ಎಂದೂ ಹೇಳಿದರು, ಅದನ್ನು ಕಾಕಾರಿಗೆ ಹೇಳಬಾರದು ಎಂಬ ಷರತ್ತಿನ ಮೇಲೆ.

ಈ ಸಲ ಕಿತ್ತೂರಿನ ಅಣ್ಣ ಸ್ವತಃ ಬಂದ. ಎರಡೂ ಪೆಟ್ಟಿಗೆಗಳನ್ನು ಬೋರಲು ಹಾಕಿ ಬೆನ್ನು ನೋಡಿದ. ಎರಡರ ಹಿಂದೆಯೂ ನಾನು ಎಂದೂ ಬಳಸದ ಕಿತ್ತಳೆ ಬಣ್ಣದ ತೂತುಗಳಿದ್ದವು. ತನ್ನ ಚೀಲದಿಂದ ಒಂದು ಗಿಡ್ಡ ವಾಯರ್ ತೆಗೆದು ಸಣ್ಣದರಿಂದ ದೊಡ್ಡದಕ್ಕೆ ಸಿಗಿಸಿದ. ಇನ್ನು ಮೇಲೆ ಸಣ್ಣ ಪೆಟ್ಟಿಗೆ ತನ್ನ ಎರಡು ಮೈಕಿನ ದನಿಯನ್ನು ದೊಡ್ಡದರ ಕೈಗೆ ಕೊಡುತ್ತದೆ, ಜೊತೆಗೆ ತನ್ನ ಗಡಿಯಾರದ ಲೆಕ್ಕವನ್ನೂ ಕೊಡುತ್ತದೆ. ದೊಡ್ಡದು ಅದರ ಲೆಕ್ಕದ ಮೇಲೆಯೇ ನಡೆಯುತ್ತದೆ. ಕಂಪ್ಯೂಟರಿಗೆ ಕಾಣುವುದು ದೊಡ್ಡ ಪೆಟ್ಟಿಗೆ ಒಂದೇ. ಕಂಪ್ಯೂಟರೂ ಒಂದೇ ಸಾಕು, ಒಗ್ಗರಣೆಯ ಸದ್ದೂ ಇಲ್ಲ.

ನನಗೆ ಬೇರೆ ಚಿಂತೆ ಹತ್ತಿತು. ಸಣ್ಣದರಲ್ಲಿ ಅಕ್ಕೋರು, ದೊಡ್ಡದರಲ್ಲಿ ಕಾಕಾ. ಕಾಕಾರ ತಬಲಾ ಅಕ್ಕೋರ ಗಡಿಯಾರದ ಮೇಲೆ ನಡೆಯುತ್ತದೆ ಎಂದು ಗೊತ್ತಾದರೆ ಅವರು ಮತ್ತೆ ಬಸ್ಸಿಗೇ ಹೋಗುತ್ತಾರೆ. ಅದಲು ಬದಲು ಮಾಡಿದರೆ ಅಕ್ಕೋರು ಬಿಡುವುದಿಲ್ಲ. ಅಣ್ಣನೊಂದಿಗೆ ಇದನ್ನು ಚರ್ಚಿಸುತ್ತಿದ್ದಾಗ, ಕಾಳು ಆರಿಸುತ್ತ ಅಲ್ಲೇ ಕುಳಿತಿದ್ದ ಅತ್ತೆಯವರು ಮೊರದಿಂದ ತಲೆಯೆತ್ತಿದರು.

"ಅಲ್ಲವಾ, ಗಂಡಾ ಹೆಂಡತಿನ್ನ ಬ್ಯಾರೆ ಬ್ಯಾರೆ ಪೆಟ್ಟಿಗ್ಯಾಗ ಯಾಕ ಹಾಕಿದಿ ಮೊದಲ? ಇಬ್ಬರನ್ನೂ ಒಂದರಾಗ ಕುಂದರಸು. ಉಳಿದವರು ಎಲ್ಲಿ ಬೇಕಾದಲ್ಲಿ ಕುಂದರಲಿ."

ಅಣ್ಣ ನನ್ನ ಮುಖ ನೋಡಿದ. ಸಣ್ಣ ಪೆಟ್ಟಿಗೆಗೆ ಎರಡು ತೂತು, ಅವರೂ ಇಬ್ಬರು. ಹಾರ್ಮೋನಿಯಂ ತೆಗೆದು ದೊಡ್ಡದಕ್ಕೆ ಹಾಕಿದೆವು.

ಸಂಘ ಬಂತು, ಮತ್ತೆ ನಿಲ್ಲದೆ ಹಾಡಿತು. ಈ ಸಲ ಕುಕ್ಕರ್ ಇಳಿಸಿಟ್ಟಿದ್ದೆವು. ಮುಗಿದ ಮೇಲೆ ಹಚ್ಚಿದಾಗ ಯಾರೂ ಮಿರ್ಚಿಗೆ ಕೈ ಹಾಕಲಿಲ್ಲ. ಎಲ್ಲರ ಕಿವಿಯೂ ತಬಲಾದ ಮೇಲಿತ್ತು. ಮಂಗಳಾರತಿ ಬಂತು. ಪೆಟ್ಟು ಒಂದೇ, ಗಟ್ಟಿಯಾಗಿ, ಅಕ್ಕೋರ ಮಾತಿನ ಮೇಲೆ ಸರಿಯಾಗಿ ಬೀಳುತ್ತಿತ್ತು. ಆದರೆ ಅದಕ್ಕಿಂತ ಮೊದಲು, ಒಂದು ಪದದ ತಿರುವಿನಲ್ಲಿ, ತಬಲಾ ಒಂದು ಕ್ಷಣ ಎಡವಿ, ಹಿಂದೆ ಬಿದ್ದು, ಓಡಿ ಬಂದು ಕೂಡಿಕೊಂಡಿತ್ತು. ಎಲ್ಲರಿಗೂ ಕೇಳಿತು. ಎಲ್ಲರೂ ನೆಲ ನೋಡಿದರು.

ಕಾಕಾ ಗಂಟಲು ಸರಿಮಾಡಿಕೊಂಡರು. "ಅದು ನಾನ. ಅಲ್ಲಿ ಕೈ ತಪ್ಪೇತಿ."

"ಏ, ಸುಮ್ಮಕಿರ್ರಿ," ಎಂದರು ಅಕ್ಕೋರು. "ಅದು ಪೆಟ್ಟಿಗೀದು ಇರಬೇಕು."

"ಪೆಟ್ಟಿಗೀದ ಅಲ್ಲ. ನಂದು."

"ಪೆಟ್ಟಿಗೀದ ಐತಿ ಅಂತ ಹೇಳಿದ್ನಿಲ್ಲ? ಈ ಹುಡುಗಿ ಅವತ್ತ ಅಷ್ಟು ತಿಳಿಸಿ ಹೇಳ್ಯಾಳ, ಇನ್ನೂ ತಲಿಗೆ ಹತ್ತಿಲ್ಲೇನು ನಿಮಗ?"

ಅದು ಪೆಟ್ಟಿಗೆಯದೇ ಎಂದು ನಾನ್ಯಾಕೆ ಒಪ್ಪಿಕೊಂಡೆನೋ ಗೊತ್ತಿಲ್ಲ. ಅಣ್ಣ ನನ್ನ ಕಡೆ ಕಣ್ಣು ಬಿಟ್ಟು ನೋಡಿದ, ಅವನು ಜೋಡಿಸಿದ ಪೆಟ್ಟಿಗೆಗಳಿಗೆ ಕೆಟ್ಟ ಹೆಸರು ಬಂತಲ್ಲ. ಅಂದು ಎಲ್ಲರೂ ಕ್ರೂಸರಿನಲ್ಲೇ ಹೋದರು. ಕಾಕಾ ಮುಂದಿನ ಸೀಟಿನಲ್ಲಿ ಕುಳಿತು ಡ್ರೈವರನಿಗೆ ಹೊರಡಲು ಕೈ ತೋರಿಸಿದರು.

ಭಜನೆ ಈಗ ಹೂಲಿಯ ಗುಡಿಯ ಮೈಕಿನಲ್ಲಿ ದಿನವೂ ಕೇಳುತ್ತದೆ. ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಆದರೆ ಅಂದು ಸಂಘದವರು ಕ್ರೂಸರ್ ಹತ್ತುವ ಮೊದಲು ಅಣ್ಣ, ತಾನು ಜೋಡಿಸಿದ ಪೆಟ್ಟಿಗೆಗಳ ಮಾನ ಉಳಿಸಿಕೊಳ್ಳಲೆಂದು, ಒಂದೊಂದು ಮೈಕಿನ ದನಿಯನ್ನೂ ಬೇಕಾದಂತೆ ಏರಿಸಿ ಇಳಿಸಿ ಎಲ್ಲರಿಗೂ ತೋರಿಸಿದ್ದ. ಬರೀ ತಾಳ ಕೇಳಿಸಿದ, ಬರೀ ಹಾರ್ಮೋನಿಯಂ ಕೇಳಿಸಿದ. ಹೆಂಗಸರು ಅದನ್ನು ಬಹಳ ಲಕ್ಷ್ಯಗೊಟ್ಟು ನೋಡಿದ್ದರು.

ಮರುವಾರದಿಂದ ಫೋನುಗಳು ಶುರುವಾದವು. ತಾಳದ ಹೆಣ್ಣುಮಗಳಿಗೆ ತನ್ನ ತಾಳ ಸ್ವಲ್ಪ ಏರಬೇಕಿತ್ತು. ಹಿಮ್ಮೇಳದ ಒಬ್ಬರಿಗೆ ತಮ್ಮ ದನಿ ಏರಬೇಕಿತ್ತು, ಪಕ್ಕದಲ್ಲಿ ಕುಳಿತ ವಾರಗಿತ್ತಿಯದು ಇಳಿಯಬೇಕಿತ್ತು. ಇಬ್ಬರೂ ಒಂದೇ ಮೈಕಿಗೆ ಹಾಡಿದ್ದಾರೆ, ಬೇರೆ ಮಾಡಲು ಬರುವುದಿಲ್ಲ ಎಂದರೆ, "ನೀ ಮನಸ್ಸು ಮಾಡಿದ್ರ ಬರ್ತೈತಿ ತಂಗಿ," ಎಂದರು. ಅದೇ ಸಂಜೆ ವಾರಗಿತ್ತಿಯೂ ಫೋನ್ ಮಾಡಿ ಅದನ್ನೇ ತಿರುವಿ ಕೇಳಿದರು. ಕಾಕಾ ತಮ್ಮ ತಬಲಾದ ಬಗ್ಗೆ ಏನೂ ಕೇಳಲಿಲ್ಲ. ಕೈ ತಪ್ಪಿದ ಜಾಗವನ್ನು ತೆಗೆಯಲೇ ಎಂದು ನಾನೇ ಕೇಳಿದಾಗ, "ಬ್ಯಾಡ, ಇರಲಿ. ಅಲ್ಲಿ ಬಂದಾಗೊಮ್ಮೆ ಇಕಿ ಪೆಟ್ಟಿಗಿಗೆ ಬೈತಾಳ," ಎಂದರು.

ಎಲ್ಲರಿಗಿಂತ ಹೆಚ್ಚು ಬೆನ್ನು ಹತ್ತಿದವರು ಸಿರಸಂಗಿ ವೈನಿ. ಹಾರ್ಮೋನಿಯಂ ಎಲ್ಲಿದೆ ಎಂದೇ ಗೊತ್ತಾಗುತ್ತಿಲ್ಲ ಎಂದು ಅವರ ದೂರು. ಏರಿಸಿ ಕಳಿಸಿದೆ. ಇನ್ನೂ ಸ್ವಲ್ಪ ಎಂದರು. ಇನ್ನೂ ಏರಿಸಿದರೆ ಅಕ್ಕೋರೇ ಕೇಳುವುದಿಲ್ಲ. ಕೊನೆಗೆ ನನಗೂ ಸಾಕಾಗಿ, ಹಿಂದಿನ ಸಲ ಕಳಿಸಿದ್ದನ್ನೇ, ಒಂದು ಗೆರೆಯೂ ಬದಲಿಸದೆ, ಹೊಸದು ಎಂದು ಇನ್ನೊಮ್ಮೆ ಕಳಿಸಿದೆ. ಒಂದು ತಾಸಿನ ಮೇಲೆ ವೈನಿಯ ಫೋನ್ ಬಂತು. ಹಿಂದೆ ಭಜನೆ ಜೋರಾಗಿ ಕೇಳುತ್ತಿತ್ತು.

"ಈಗ ನೋಡು, ಈಗ ಬರೊಬ್ಬರಿ ಆತು," ಎಂದರು. "ಮೊದಲ ಹಿಂಗ ಮಾಡಿದ್ರ ಏನಾಗ್ತಿತ್ತು ನಿನಗ?"